ನೊಗೆ ಹಲಗೆಯ ಸೀರೆಪೆಟ್ಟಿಗೆ: ದಿಮ್ಮಿಯಿಂದ ಮುಚ್ಚಳದವರೆಗೆ

ಮಲೆನಾಡಿನ ಕಾಫಿ ತೋಟಗಳಲ್ಲಿ ನೊಗೆಗೆ ಮರ್ಯಾದೆ ಕಡಿಮೆ. ಬೀಟೆ, ಸಾಗುವಾನಿ, ಹೊನ್ನೆ, ನಂದಿ ಎಷ್ಟೆಷ್ಟಿವೆ ಅಂತ ಬೆರಳ ತುದಿಯಲ್ಲಿ ಲೆಕ್ಕ ಇಟ್ಟುಕೊಂಡವರೂ ನೊಗೆಯ ವಿಷಯ ಕೇಳಿದರೆ ‘ಇದಾವೆ ಒಂದಷ್ಟು’ ಅಂದು ಮುಂದೆ ಹೋಗುತ್ತಾರೆ. ನೆರಳಿಗಾಯಿತು, ಬಿದ್ದರೆ ಸೌದೆಗಾಯಿತು, ಹೆಚ್ಚೆಂದರೆ ಸೆಂಟ್ರಿಂಗ್ ಹಲಗೆಗಾಯಿತು. ‘ಹಗುರ ಮರ, ಒರಲೆ ತಿನ್ನುತ್ತೆ’ ಅನ್ನುವಲ್ಲಿಗೆ ಅದರ ಕಥೆ ಮುಗಿಯುತ್ತದೆ. ಎರಡೂ ನಿಜವೇ. ಹಗುರ ಹೌದು, ಹಸಿ ನೆಲಕ್ಕೆ ತಾಗಿಸಿಟ್ಟರೆ ಒರಲೆ ಬಿಡುವುದೂ ಇಲ್ಲ. ಆದರೆ ದಾರಂದಕ್ಕೂ ಬೇಲಿಕಂಬಕ್ಕೂ ಆಗದ ಮರ ಇನ್ಯಾವುದಕ್ಕೂ ಆಗದು ಅನ್ನುವುದು ಯಾವ ನ್ಯಾಯ? ಮನೆಯೊಳಗೆ, ನೆಲದಿಂದ ಮೇಲೆ, ಭಾರ ಹೊರದ ಜಾಗದಲ್ಲಿ ನೊಗೆಯಷ್ಟು ಮಾತು ಕೇಳುವ ಮರ ನಮ್ಮ ತೋಟಗಳಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಮಳೆಗಾಲದ ಗಾಳಿಗೆ ಉರುಳಿದ ನೊಗೆಯಿಂದ ಸೀರೆ ಇಡುವ ಪೆಟ್ಟಿಗೆ ಮಾಡಿದ ವಿವರ ಇಲ್ಲಿದೆ. ಅಳತೆ 36 ಇಂಚು ಉದ್ದ, 18 ಇಂಚು ಅಗಲ, ಕಾಲು ಬಿಟ್ಟು 15 ಇಂಚು ಎತ್ತರ.

ಯಾವ ಸೀಡರ್?

ಮರದ ಅಂಗಡಿಗಳಲ್ಲಿ ನೊಗೆ ‘ಕೆಂಪು ಸೀಡರ್’ ಅನ್ನುವ ಹೆಸರಿನಲ್ಲೂ ಓಡಾಡುತ್ತದೆ. ಗಂಧಗರಿಗೆ ಅಂತಲೂ ಅನ್ನುತ್ತಾರೆ, ಉತ್ತರದವರಿಗೆ ತೂನ್. ಸಸ್ಯಶಾಸ್ತ್ರದವರು ಈಗ ಟೂನ ಸಿಲಿಯಾಟ ಎನ್ನುತ್ತಾರೆ, ಹಳೆಯ ಪುಸ್ತಕಗಳಲ್ಲಿ ಸೆಡ್ರೆಲಾ ಟೂನ ಎಂದಿರುತ್ತದೆ. ಬೇವು, ಮಹಾಗನಿಗಳ ಕುಟುಂಬದ ಮರ ಇದು. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಕಾಡುಗಳಲ್ಲೂ ಇದೇ ಮರವಿದೆ. 19ನೇ ಶತಮಾನದಲ್ಲಿ ಅಲ್ಲಿನವರು ಇದನ್ನು ‘ಕೆಂಪು ಚಿನ್ನ’ ಅಂತ ಕರೆದು, ದೊಡ್ಡ ಮರಗಳು ಹುಡುಕಿದರೂ ಸಿಗದಷ್ಟು ಕಡಿದರು. ನಮ್ಮ ಪಕ್ಕದ ಮೀರಜಿನಲ್ಲಿ ಸಿತಾರಿನ ದಂಡಿಯನ್ನೂ ಮುಂಭಾಗದ ತಬಲಿಯನ್ನೂ ತೂನ್‌ನಲ್ಲೇ ಮಾಡುತ್ತಾರೆ. ವಾದ್ಯದ ಮೇಲೆ ತಂತಿಗಳ ಎಳೆತ ಸದಾ ಇದ್ದೇ ಇರುತ್ತದೆ, ಅದನ್ನು ತಡೆದುಕೊಂಡು ಸೊಟ್ಟಗಾಗದ ಮರಕ್ಕೆ ತೋಟದಲ್ಲಿ ಸೌದೆ ಎಂಬ ಹೆಸರು!

ಸೀಡರ್ ಅನ್ನುವ ಹೆಸರಿನಡಿ ಬೇರೆ ಬೇರೆ ಮರಗಳು ಸೇರಿಕೊಂಡಿವೆ. ಇದನ್ನು ಬಿಡಿಸಿಕೊಳ್ಳದಿದ್ದರೆ ವಿಡಿಯೊ ನೋಡಿ ಕೆಲಸ ಕಲಿಯುವವರು ದಾರಿ ತಪ್ಪುತ್ತಾರೆ. ನಿಜವಾದ ಸೀಡರ್ ಅಂದರೆ ಹಿಮಾಲಯದ ದೇವದಾರು, ಪೈನ್ ಕುಟುಂಬದ್ದು. ಹಿಮಾಚಲ ಪ್ರದೇಶದ ರಾಜ್ಯವೃಕ್ಷ ಅದೇ, ಶ್ರೀನಗರದ ಹೌಸ್‌ಬೋಟುಗಳೂ ಅದರವೇ. ಎಣ್ಣೆಯ ಅಂಶ ಜಾಸ್ತಿಯಿರುವುದರಿಂದ ನೀರು, ಹುಳ ಎರಡನ್ನೂ ತಡೆಯುತ್ತದೆ. ಅಮೆರಿಕ, ಕೆನಡಾದಲ್ಲಿರುವ ನಮ್ಮವರು ಬೇಲಿಗೂ ಡೆಕ್ಕಿಗೂ ತರುವ ‘ವೆಸ್ಟರ್ನ್ ರೆಡ್ ಸೀಡರ್’ ಥುಜಾ ಎಂಬ ಸೈಪ್ರೆಸ್ ಜಾತಿ. ಒಣಗಿದಾಗ ಘನಮೀಟರಿಗೆ 370 ಕೆಜಿ ಸುಮಾರು, ಅಂದರೆ ತೀರಾ ಹಗುರ. ಬಟ್ಟೆ ಕಪಾಟಿಗೆ ಹೊಡೆಯುವ ಘಾಟು ವಾಸನೆಯ ‘ಈಸ್ಟರ್ನ್ ರೆಡ್ ಸೀಡರ್’ ಜ್ಯೂನಿಪರ್, ಒಂದು ಕಾಲದಲ್ಲಿ ಪೆನ್ಸಿಲ್ ಕಡ್ಡಿಗಳೆಲ್ಲ ಅದರವೇ. ಸಿಗಾರ್ ಪೆಟ್ಟಿಗೆಯ ‘ಸ್ಪ್ಯಾನಿಷ್ ಸೀಡರ್’ ಮಾತ್ರ ನೊಗೆಯ ಹತ್ತಿರದ ದಾಯಾದಿ. ನಮ್ಮ ಘಟ್ಟದಲ್ಲೇ ಬಿಳಿ ದೇವದಾರಿ ಒಂದಿದೆ, ಕೊಡಗಿನ ತೋಟಗಳ ಬಳಂಜಿಗೂ ವ್ಯಾಪಾರದಲ್ಲಿ ‘ಪಿಂಕ್ ಸೀಡರ್’ ಅನ್ನುವುದುಂಟು. ಅವೆರಡೂ ಬೇರೆ ಮರಗಳು.

ಕೆಲಸಕ್ಕೆ ಬರುವ ವ್ಯತ್ಯಾಸ ಇಷ್ಟು: ದೇವದಾರು, ಥುಜಾ, ಜ್ಯೂನಿಪರ್ ಸೂಚಿಪರ್ಣಿಗಳು, ಅವುಗಳ ಹಲಗೆಯಲ್ಲಿ ಕಣ್ಣಿಗೆ ಕಾಣುವ ರಂಧ್ರಗಳಿಲ್ಲ. ನೊಗೆ ಅಗಲ ಎಲೆಯ ಮರ. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ ಬೇಸಿಗೆಯ ಮೊದಲಿಗೆ ಕೆಂಪು ಚಿಗುರು ಹೊಡೆಯುತ್ತದೆ. ಆ ಹೊಸ ಬೆಳವಣಿಗೆಯ ಶುರುವಿನಲ್ಲಿ ದೊಡ್ಡ ದೊಡ್ಡ ರಂಧ್ರಗಳ ಸಾಲೊಂದು ಕೂರುತ್ತದೆ. ಹಲಗೆಯ ಮೇಲೆ ಕಾಣುವ ಕಡುಗೆಂಪು ಗೆರೆಗಳು ಅವೇ. ಪಾಲಿಶ್ ಮಾಡುವಾಗ ಕಾಟ ಕೊಡುವುದೂ ಅವೇ.

ದಿಮ್ಮಿ

ಗಾಳಿಗೆ ಬಿದ್ದ ಮರ ತಾನೇ ಅಂತ ಟ್ರ್ಯಾಕ್ಟರಿಗೆ ಹೇರಿ ಹೊರಡುವ ಹಾಗಿಲ್ಲ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ, ಸಾಗಣೆಗೆ ಅರಣ್ಯ ಇಲಾಖೆಯ ಪಾಸಿನ ನಿಯಮವೂ ಇದೆ. ರೇಂಜ್ ಕಚೇರಿಗೆ ಅರ್ಜಿ ಕೊಟ್ಟು, ಅವರು ಬಂದು ಅಳತೆ ಮಾಡಿ, ಕಾಗದ ಕೈಗೆ ಬಂದ ಮೇಲೆ ಮಿಲ್ಲು.

ಈ ಮರದಲ್ಲಿ ನೆಟ್ಟಗಿದ್ದದ್ದು ಬುಡದ ಹತ್ತು ಅಡಿ ಮಾತ್ರ. ಅದರ ಮೇಲೆ ಒಂದು ಸೊಟ್ಟ ತಿರುವು, ಆಮೇಲೆ ಎರಡು ಕವಲು. ನೊಗೆಯಲ್ಲಿ ಇದು ಸಾಮಾನ್ಯ. ಹಿಪ್ಸಿಪೈಲಾ ರೊಬಸ್ಟಾ ಅನ್ನುವ ಪತಂಗದ ಮರಿ ಎಳೆಯ ಗಿಡದ ತುದಿಚಿಗುರು ಕೊರೆದು ಒಳಗೆ ಹೋಗುತ್ತದೆ. ತುದಿ ಸತ್ತರೆ ಪಕ್ಕದ ಮೊಗ್ಗು ಮೇಲೇಳುತ್ತದೆ, ಕಾಂಡ ಅಲ್ಲಿಗೆ ಬಾಗುತ್ತದೆ. ನೊಗೆಯದ್ದೇ ಪ್ಲಾಂಟೇಶನ್ ಹಾಕಿದರೆ ಈ ಹುಳದ ಕಾಟ ಹೇಳತೀರದು. ಹತ್ತು ಜಾತಿ ಮರಗಳ ನಡುವೆ ಚದುರಿ ಬೆಳೆಯುವ ಕಾಫಿ ತೋಟದಲ್ಲಿ ಅಷ್ಟಿಲ್ಲ. ಬಡಗಿಗೆ ಇದರಿಂದ ತಿಳಿಯಬೇಕಾದದ್ದೊಂದಿದೆ: ತಿರುವಿನ ಹತ್ತಿರದ ಮರ ಬೆಳೆಯುವಾಗಲೇ ಎಳೆತದಲ್ಲಿ ಇದ್ದದ್ದು. ಆ ಭಾಗದ ಹಲಗೆಯ ಮೇಲೆ ಕೀಸುಳಿ ಹೋದರೆ ನುಣುಪಾಗುವ ಬದಲು ಉಣ್ಣೆಯಂತೆ ನಾರು ಏಳುತ್ತದೆ. ಆದ್ದರಿಂದ ತಿರುವಿಗಿಂತ ಒಂದು ಅಡಿ ಕೆಳಗೇ ಕತ್ತರಿಸಿದರೆ ಕ್ಷೇಮ. ಕೆಳಗಿನ ಹತ್ತು ಅಡಿಯಲ್ಲಿ ಒಂದು ಅಡಿ ಹೋಯಿತಲ್ಲ ಎಂಬ ಜಿಪುಣತನ ಬೇಡ.

ಒಂಬತ್ತು ಅಡಿ ದಿಮ್ಮಿ, ನಡುವಿನ ಸುತ್ತಳತೆ 60 ಇಂಚು. ನಮ್ಮಲ್ಲಿ ನಾಟಾ ಅಳೆಯುವುದು ಕಾಲು ಸುತ್ತಳತೆಯ ಲೆಕ್ಕದಲ್ಲಿ: 60ರ ಕಾಲು ಭಾಗ 15 ಇಂಚು, ಅಂದರೆ 1.25 ಅಡಿ, ಅದರ ವರ್ಗ ಗುಣಿಸು ಉದ್ದ, 14 ಘನಅಡಿ. ದುಂಡನೆಯ ದಿಮ್ಮಿಯ ನಿಜವಾದ ಗಾತ್ರ ಹದಿನೆಂಟರ ಹತ್ತಿರ ಬರುತ್ತದೆ. ಲೆಕ್ಕಕ್ಕೆ ಸಿಗದೆ ಉಳಿದದ್ದು ಸಿಪ್ಪೆಗೆ, ಅಂಚಿಗೆ, ಗರಗಸದ ಹುಡಿಗೆ ಮೊದಲೇ ಕಳೆದ ಪಾಲು ಅಂದುಕೊಂಡರೆ ಆಯಿತು. ಪೆಟ್ಟಿಗೆಗೆ ಬೇಕಾದದ್ದು ಎಷ್ಟು? ಎಲ್ಲ ಮುಖಗಳನ್ನೂ ಕೂಡಿಸಿದರೆ 20 ಚದರಡಿ. ಒಂದಿಂಚು ದಪ್ಪದ ಹಲಗೆಯಲ್ಲಿ ಒಂದೂಮುಕ್ಕಾಲು ಘನಅಡಿ, ಕಳೆತ ಸೇರಿಸಿ ಎರಡೂವರೆ. ಉಳಿದದ್ದಕ್ಕೆ ಆಮೇಲೆ ಬರುತ್ತೇನೆ.

ಮಿಲ್ಲಿನಲ್ಲಿ ಬ್ಯಾಂಡ್ ಗರಗಸದವರಿಗೆ ಹೇಳಿದ್ದು ಒಂದೇ ಮಾತು: ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೀಳುತ್ತ ಹೋಗಿ, ಹಲಗೆಗಳನ್ನು ಸೀಳಿದ ಕ್ರಮದಲ್ಲೇ ಜೋಡಿಸಿಡಿ. ದಿಮ್ಮಿಯ ನಟ್ಟನಡುವಿನಿಂದ ಬರುವ ಹಲಗೆಗಳಲ್ಲಿ ವಾರ್ಷಿಕ ಉಂಗುರಗಳು ದಪ್ಪಕ್ಕೆ ನೆಟ್ಟಗೆ ನಿಂತಿರುತ್ತವೆ, ಕ್ವಾರ್ಟರ್ ಸಾನ್ ಅನ್ನುವುದು ಇದನ್ನೇ. ಅವು ಹಿಗ್ಗುವುದು ಕುಗ್ಗುವುದು ಕಡಿಮೆ, ದೋಣಿಯಂತೆ ಬಾಗುವುದೂ ಇಲ್ಲ. ಮುಚ್ಚಳಕ್ಕೆ ಅವೇ ಬೇಕು. ನಡುವಿನ ತಿರುಳು ಯಾವ ಕಾರಣಕ್ಕೂ ಹಲಗೆಯಲ್ಲಿ ಉಳಿಯಬಾರದು, ಒಣಗುವಾಗ ಅಲ್ಲಿಂದಲೇ ಸೀಳುತ್ತದೆ. ತಿರುಳು ತೆಗೆದು ಎರಡು ಪಾಲು ಮಾಡಿದರೆ ಪ್ರತಿ ಪಾಲಿನಲ್ಲೂ ಆರರಿಂದ ಆರೂವರೆ ಇಂಚಿನ ಚೇಗು, ಅಂದರೆ ಒಳಗಿನ ಕೆಂಪು ಮರ, ಸಿಗುತ್ತದೆ.

ಹಸಿ ಹಲಗೆಯ ಬಣ್ಣ ಸುಟ್ಟ ಇಟ್ಟಿಗೆಯದ್ದು. ಅದರ ಸುತ್ತ ಒಂದೂವರೆ ಇಂಚು ದಪ್ಪದ ಬಿಳಿಮರ. ಈ ಬಿಳಿಮರದ ವಿಷಯದಲ್ಲಿ ದಯೆ ದಾಕ್ಷಿಣ್ಯ ಬೇಡ. ಅದರಲ್ಲಿ ಪಿಷ್ಟ ತುಂಬಿರುತ್ತದೆ, ಕುಟ್ಟೆ ಹುಳಕ್ಕೆ ಬೇಕಾದದ್ದೇ ಅದು. ಕುಟ್ಟೆ ಹಿಡಿದ ಹಲಗೆಯ ಕೆಳಗೆ ಹಿಟ್ಟು ಜರಡಿ ಹಿಡಿದಂತೆ ನುಣುಪಾದ ಪುಡಿ ಬೀಳುತ್ತದೆ. ಅದು ಕಂಡಾಗ ಒಳಗೆ ಅರ್ಧ ಖಾಲಿಯಾಗಿರುತ್ತದೆ. ನೊಗೆ ಬೇಗ ಹಾಳಾಗುತ್ತದೆ ಅನ್ನುವ ದೂರಿನಲ್ಲಿ ಮುಕ್ಕಾಲು ಪಾಲು ಬಿಳಿಮರದ ಮೇಲಿನ ದೂರು. ಕೆಂಪು ಚೇಗಿಗೆ ಈ ಹುಳ ಹೋಗುವುದಿಲ್ಲ. ಆದ್ದರಿಂದ ಅಂಚಿನ ಬಿಳಿಮರವೆಲ್ಲ ಮಿಲ್ಲಿನಲ್ಲೇ ಉಳಿಯಿತು. ಚೇಗಿನ ಹಲಗೆಗಳಿಗೂ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರು ಹಚ್ಚಿದೆ. ಎರಡೂ ಸೇರಿ ನೂರಕ್ಕೆ ಐದು ಪಾಲು, ಬಿಸಿನೀರಿನಲ್ಲಿ ಕರಗಿಸಿ, ಹಲಗೆ ಹಸಿಯಿರುವಾಗಲೇ. ಹಸಿಯಿದ್ದರೆ ಒಳಗೆ ಇಳಿಯುತ್ತದೆ. ಆದರೆ ಇದು ನೀರಿನಲ್ಲಿ ತೊಳೆದುಹೋಗುವ ಮದ್ದು, ಹೊರಗಡೆ ಇಡುವ ವಸ್ತುವಿಗೆ ಪ್ರಯೋಜನವಿಲ್ಲ.

ಹದ

ತುದಿಗಳಿಗೆ ಸಗಣಿ ಮೆತ್ತುವುದು ಹಳೆಯ ಪದ್ಧತಿ, ಕೆಲಸವೂ ಮಾಡುತ್ತದೆ. ಉಳಿದಿದ್ದ ಆಯಿಲ್ ಪೇಂಟ್ ಇತ್ತು, ನಾನು ಅದನ್ನೇ ಎರಡು ಕೋಟು ಹೊಡೆದೆ. ನೀರು ಹಲಗೆಯ ಮುಖದಿಂದ ಹೋಗುವುದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ತುದಿಯಿಂದ ಹೋಗುತ್ತದೆ, ಸೀಳುಗಳೆಲ್ಲ ಅಲ್ಲಿಂದ ಶುರು. ಕಾಫಿ ಸ್ಟೋರಿನ ಅಟ್ಟದಲ್ಲಿ ಎರಡು ಅಡಿಗೊಂದರಂತೆ ಮುಕ್ಕಾಲಿಂಚಿನ ಪಟ್ಟಿ ಇಟ್ಟು ಪೇರಿಸಿದೆ. ಪಟ್ಟಿಗಳು ಒಂದರ ಮೇಲೊಂದು ನೇರ ಸಾಲಿನಲ್ಲಿರಬೇಕು, ಮೇಲೆ ಕಲ್ಲಿನ ಭಾರ ಹೇರಬೇಕು. ಇಷ್ಟು ಮಾಡಿದರೆ ನೊಗೆ ಮಿಕ್ಕ ಜವಾಬ್ದಾರಿ ತಾನೇ ಹೊರುತ್ತದೆ. ಮತ್ತಿ, ನೇರಳೆ ಹಲಗೆಗಳನ್ನು ಒಣಗಿಸಿ ನೊಂದವರಿಗೆ ಇದು ಆಶ್ಚರ್ಯದ ಸಂಗತಿ: ಸೀಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ತಿರುಚಿದ ಹಲಗೆಗಳನ್ನು ಬೇರೆ ತೆಗೆಯಬೇಕಾದ ಪ್ರಮೇಯವೇ ಬರಲಿಲ್ಲ. ಮಳೆ ನಿಂತು ಮಾಗಿಯ ಒಣಗಾಳಿ ಬೀಸಿದ ಮೇಲೆ ತೂಕ ಇಳಿಯುವುದು ಕೈಗೇ ಗೊತ್ತಾಗುತ್ತಿತ್ತು.

ಕೈಗೆ ಗೊತ್ತಾದರೆ ಸಾಲದು, ಅಂಕಿ ಬೇಕು. ತೇವಾಂಶದ ಮೀಟರ್ ಇಲ್ಲದವರಿಗೆ ಅಡುಗೆಮನೆಯ ತಕ್ಕಡಿ ಸಾಕು. ಹಲಗೆಯ ತುದಿಯಿಂದ ಒಂದು ಅಡಿ ಬಿಟ್ಟು ನಡುವಿನಿಂದ ಸಣ್ಣ ತುಂಡು ಕತ್ತರಿಸಿ ತೂಗಬೇಕು. ಆಮೇಲೆ 103 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೂ ಇಟ್ಟು ಮತ್ತೆ ತೂಗಬೇಕು. ನನ್ನ ತುಂಡು ಮೊದಲು 62 ಗ್ರಾಂ, ಕೊನೆಗೆ 55.5. ವ್ಯತ್ಯಾಸವನ್ನು ಒಣ ತೂಕದಿಂದ ಭಾಗಿಸಿದರೆ ನೂರಕ್ಕೆ 11.7. ಬೇಸಿಗೆಯ ಮಲೆನಾಡಿಗೆ ಇದು ತಕ್ಕ ಮಟ್ಟ, ಕೆಲಸ ಶುರು ಮಾಡಬಹುದು.

ಮಳೆಗಾಲದಲ್ಲಿ ಇದೇ ಹಲಗೆ ಹದಿನೇಳು ಹದಿನೆಂಟಕ್ಕೆ ಏರುತ್ತದೆ. ಹಾಗಾಗಿ ಎಷ್ಟು ಹಿಗ್ಗುತ್ತದೆ ಅನ್ನುವ ಲೆಕ್ಕ ಉಳಿ ಹಿಡಿಯುವ ಮೊದಲೇ ಆಗಬೇಕು. ಪೂರ್ತಿ ಹಸಿಯಿಂದ ಪೂರ್ತಿ ಒಣಗುವವರೆಗೆ ನೊಗೆ ಉಂಗುರಗಳಿಗೆ ಅಡ್ಡಲಾಗಿ ನೂರಕ್ಕೆ ನಾಲ್ಕರ ಆಸುಪಾಸು, ಉಂಗುರಗಳ ಗುಂಟ ಆರೇಳು ಕುಗ್ಗುತ್ತದೆ. ಮರ ಕುಗ್ಗಲು ಶುರುವಾಗುವುದು ತೇವಾಂಶ ನೂರಕ್ಕೆ ಮೂವತ್ತರ ಸುಮಾರಿಗೆ ಇಳಿದ ಮೇಲೆ. ಆ ಮೂವತ್ತು ಅಂಶಕ್ಕೆ ಇಷ್ಟಾದರೆ ಆರೇಳು ಅಂಶಕ್ಕೆಷ್ಟು? 19 ಇಂಚಿನ ಮುಚ್ಚಳ ಕ್ವಾರ್ಟರ್ ಸಾನ್ ಆದರೆ ನಾಲ್ಕು ಮಿಲಿಮೀಟರ್, ಮಾಮೂಲಿ ಅಡ್ಡಸೀಳಿನ ಹಲಗೆಯಾದರೆ ಏಳು. ನಮ್ಮ ಕಡೆಯ ಪೆಟ್ಟಿಗೆಗಳ ಮುಚ್ಚಳ ಬಿರಿಯುವುದು ಹುಳದಿಂದಲ್ಲ, ಈ ಏಳು ಮಿಲಿಮೀಟರಿಗೆ ಜಾಗ ಬಿಡದೆ ಮೊಳೆ ಹೊಡೆಯುವುದರಿಂದ.

ಕೀಸುವುದು, ಅಂಟಿಸುವುದು

ಮೊದಲಿಗೆ ಮಾಸ್ಕ್. ನೊಗೆಯ ಹುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ, ಕೆಲವರಿಗೆ ಗಂಟಲೂ ಕೆರೆಯುತ್ತದೆ. ವಿದೇಶದಲ್ಲಿ ಥುಜಾ ಜೊತೆ ಕೆಲಸ ಮಾಡುವವರು ಇನ್ನೂ ಎಚ್ಚರವಾಗಿರಬೇಕು, ಅದರಲ್ಲಿರುವ ಪ್ಲಿಕ್ಯಾಟಿಕ್ ಆಸಿಡ್‌ನಿಂದ ಮಿಲ್ಲಿನ ಕೆಲಸಗಾರರಿಗೆ ಆಸ್ತಮಾ ಬರುವುದು ವೈದ್ಯರು ದಾಖಲಿಸಿರುವ ಸಂಗತಿ. ಕಂಪು ಚೆನ್ನಾಗಿದೆ ಅಂತ ಹುಡಿಯಲ್ಲಿ ನಿಂತು ಮೂಗರಳಿಸುವುದು ಬೇಡ.

ಒಣ ನೊಗೆಯ ಸಾಂದ್ರತೆ ಘನಮೀಟರಿಗೆ 500 ಕೆಜಿ ಸುಮಾರು, ಸಾಗುವಾನಿಯದ್ದು 650ರ ಹತ್ತಿರ. ಕೀಸುಳಿಯ ಕೆಳಗೆ ಈ ವ್ಯತ್ಯಾಸ ಸುಖವಾಗಿ ತಿಳಿಯುತ್ತದೆ. ಸಾಗುವಾನಿಯಲ್ಲಿರುವ ಸಿಲಿಕಾ ಅಲಗನ್ನು ಬೇಗ ಮೊಂಡು ಮಾಡುತ್ತದೆ, ನೊಗೆಯಲ್ಲಿ ಆ ಗೋಳಿಲ್ಲ. ಆದರೆ ಮೃದು ಮರಕ್ಕೆ ಮೊಂಡು ಅಲಗು ನಡೆಯುತ್ತದೆ ಅಂತ ತಿಳಿದರೆ ಕೆಲಸ ಕೆಟ್ಟಿತು. ಗಟ್ಟಿ ಮರ ಮೊಂಡು ಉಳಿಯನ್ನು ವಾಪಸ್ ಕಳಿಸುತ್ತದೆ, ಮೃದು ಮರ ಜಜ್ಜಿಹೋಗುತ್ತದೆ. ಅಲಗು ಚೆನ್ನಾಗಿ ಮಸೆದು, ಕೀಸುಳಿಯನ್ನು ತುಸು ಓರೆ ಹಿಡಿದು ತಳ್ಳಿದರೆ ಹೊಳಪಿನ ಮೇಲ್ಮೈ ಬರುತ್ತದೆ. ಸ್ಕ್ರೇಪರ್ ಈ ಮರಕ್ಕೆ ಹೇಳಿಸಿದ್ದಲ್ಲ, ನಾರು ಕೀಳುತ್ತದೆ. ಒಂದಿಂಚಿನ ಹಲಗೆ ಮುಕ್ಕಾಲಿಂಚಿಗೆ ಇಳಿದಾಗ ಎರಡೂ ಮುಖಗಳಿಂದ ಸಮನಾಗಿ ಕೀಸಿರಬೇಕು. ಒಂದೇ ಕಡೆ ಕೀಸಿದರೆ ಒಣಗಿದ ಮರವೂ ಬಾಗುತ್ತದೆ.

ಮೂರು ಮೂರು ಹಲಗೆ ಕೂಡಿಸಿ ಪ್ರತಿ ಪಕ್ಕ. ಕೀಸಿದ ಅಂಚು ಅಂಚಿಗೆ ಕೂತರೆ ಫೆವಿಕಾಲ್ ಸಾಕು, ಒಳಗೆ ಬೆಣೆ ಬೇಕಿಲ್ಲ. ಈ ಮರ ಅಂಟನ್ನು ಚೆನ್ನಾಗಿ ಹಿಡಿಯುತ್ತದೆ. ಕ್ಲ್ಯಾಂಪಿನ ದವಡೆಗೆ ಮಾತ್ರ ಹಲಗೆಚೂರು ಕೊಡಬೇಕು, ನೊಗೆಯ ಮೇಲೆ ಉಗುರು ಒತ್ತಿದರೂ ಗುರುತು ಬೀಳುತ್ತದೆ. ತಗ್ಗಾದ ಗುರುತಿಗೆ ಮದ್ದಿದೆ, ಒದ್ದೆ ಬಟ್ಟೆ ಹಾಕಿ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟರೆ ನಾರು ಉಬ್ಬಿ ಮೇಲೆ ಬರುತ್ತದೆ. ನಾರು ತುಂಡಾಗಿದ್ದರೆ ಬರುವುದಿಲ್ಲ.

ಮೂಲೆಗಳು

ನಾಲ್ಕು ಮೂಲೆಗೂ ಡವ್‌ಟೇಲ್, ಅಂದರೆ ಒಂದು ಹಲಗೆಯ ತುದಿಯಲ್ಲಿ ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲುಗಳು (ಬಾಲ), ಇನ್ನೊಂದರಲ್ಲಿ ಅವುಗಳ ನಡುವೆ ಕೂರುವ ಹಲ್ಲುಗಳು (ಪಿನ್ನು). ಮೊಳೆ ಹೊಡೆದ ಮೂಲೆ ಈ ಮರದಲ್ಲಿ ನಿಲ್ಲುವುದಿಲ್ಲ, ಮೊಳೆಯನ್ನು ಬಿಗಿಯಾಗಿ ಹಿಡಿಯುವ ಶಕ್ತಿ ಹಗುರ ಮರಕ್ಕೆ ಇಲ್ಲ. ಗಟ್ಟಿ ಮರದಲ್ಲಿ ಬಾಲದ ಇಳಿಜಾರು ಒಂದಕ್ಕೆ ಎಂಟು ಇರಲಿ ಅನ್ನುತ್ತಾರೆ. ಮೃದು ಮರದ ಬಾಲ ಒತ್ತಿಕೊಂಡು ಜಾರಬಹುದು, ಅದಕ್ಕೆ ಒಂದಕ್ಕೆ ಆರು. ಪಿನ್ನುಗಳನ್ನು ತೀರಾ ಸಣ್ಣ ಮಾಡಿ ಕುಶಲತೆ ತೋರಿಸುವ ಮರವಲ್ಲ ಇದು. ಅರ್ಧ ಇಂಚಿಗಿಂತ ಕಡಿಮೆ ಮಾಡಲಿಲ್ಲ.

ನೊಗೆಯ ಸ್ವಭಾವ ಪೂರ್ತಿ ಹೊರಬರುವುದು ಇಲ್ಲೇ. ಗರಗಸದ ಕೊಯ್ತ ಸಲೀಸು. ತೊಂದರೆ ಇರುವುದು ಉಳಿಯಿಂದ ಬುಡ ಬಿಡಿಸುವಾಗ, ಅಂದರೆ ನಾರಿಗೆ ಅಡ್ಡಲಾಗಿ ಕೊಯ್ಯುವಾಗ. ಆ ದೊಡ್ಡ ರಂಧ್ರಗಳ ಸಾಲು ಬಂದಲ್ಲಿ ಮರ ಕುಸಿದು ಪುಡಿಯಾಗುತ್ತದೆ, ಪಕ್ಕದ ಗಟ್ಟಿ ಸಾಲು ಹಾಗೇ ನಿಲ್ಲುತ್ತದೆ. ಮಾಮೂಲಿ 30 ಡಿಗ್ರಿಗೆ ಮಸೆದ ಉಳಿ ಇಲ್ಲಿ ಬೆಣೆಯಂತೆ ವರ್ತಿಸುತ್ತದೆ. 25 ಡಿಗ್ರಿಗೆ ಇಳಿಸಿ ಮಸೆದ ತೆಳು ಅಂಚಿನ ಉಳಿ ಬೇರೆಯೇ ಇಟ್ಟುಕೊಂಡೆ, ಕೊಡತಿಯ ಪೆಟ್ಟು ಕಡಿಮೆ ಮಾಡಿ ಕೈಯಿಂದಲೇ ತೆಳುವಾಗಿ ಸವರುತ್ತ ಬಂದೆ. ಗೆರೆಗೆ ಸರಿಯಾಗಿ ಉಳಿ ಇಟ್ಟು ಹೊಡೆದರೆ ಅದು ಹಿಂದಕ್ಕೆ ತಳ್ಳಿಸಿಕೊಂಡು ಗೆರೆ ದಾಟುತ್ತದೆ. ಅರ್ಧ ಮಿಲಿಮೀಟರ್ ಮುಂದೆ ಶುರು ಮಾಡಿ ಕೊನೆಯ ಸವರಿಕೆಯಲ್ಲಿ ಗೆರೆ ಮುಟ್ಟಬೇಕು. ಮೃದು ಮರದ ಒಂದು ಉಪಕಾರ ಅಂದರೆ ಬಾಲ ಕೂದಲೆಳೆಯಷ್ಟು ಹೆಚ್ಚು ದಪ್ಪವಿದ್ದರೂ ಒತ್ತಿಕೊಂಡು ಕೂರುತ್ತದೆ. ಸಾಗುವಾನಿಯಲ್ಲಿ ಅಷ್ಟಕ್ಕೇ ಹಲಗೆ ಸೀಳಿರುತ್ತಿತ್ತು.

ತಳದ ಹಲಗೆ ಪಕ್ಕದ ಹಲಗೆಗಳಲ್ಲಿ ಕೊರೆದ ಗ್ರೂವಿನಲ್ಲಿ (ಉದ್ದನೆಯ ಗಾಡಿಯಲ್ಲಿ) ಸಡಿಲವಾಗಿ ಕೂರುತ್ತದೆ, ಅಂಟಿಲ್ಲ. ಪಿನ್ನಿನ ಹಲಗೆಯಲ್ಲಿ ಗ್ರೂವನ್ನು ತುದಿಯವರೆಗೆ ಓಡಿಸಬಹುದು, ಬಾಲ ಬಂದು ಮುಚ್ಚುತ್ತದೆ. ಬಾಲದ ಹಲಗೆಯಲ್ಲಿ ಹಾಗೆ ಓಡಿಸಿದರೆ ಹೊರಗೆ ಚೌಕ ತೂತು ಕಾಣುತ್ತದೆ, ಅಲ್ಲಿ ಬಾಲದ ಬುಡದಲ್ಲೇ ನಿಲ್ಲಿಸಿ ಉಳಿಯಿಂದ ಮೂಲೆ ಬಿಡಿಸಬೇಕು. ಬೇಸಿಗೆಯಲ್ಲಿ ಕೂಡಿಸುವಾಗ ತಳದ ಎರಡೂ ಬದಿಗೆ ಮೂರು ಮೂರು ಮಿಲಿಮೀಟರ್ ಜಾಗ ಬಿಟ್ಟೆ.

ಕಾಲು ಮಾತ್ರ ನೊಗೆಯದ್ದಲ್ಲ. ಮಳೆಗಾಲದಲ್ಲಿ ನಮ್ಮ ರೆಡ್ ಆಕ್ಸೈಡ್ ನೆಲ ಬೆವರುತ್ತದೆ, ಅದರ ಮೇಲೆ ಈ ಮರ ಕೂರಿಸುವುದು ಒರಲೆಗೆ ಕೊಟ್ಟ ಆಮಂತ್ರಣ. ಹಳೆಯ ಕಿಟಕಿ ಚೌಕಟ್ಟಿನಿಂದ ಉಳಿದ ಸಾಗುವಾನಿ ತುಂಡುಗಳಿಂದ ಎರಡೂವರೆ ಇಂಚಿನ ಕಾಲು ಮಾಡಿ ಒಳಗಿನಿಂದ ಹಿತ್ತಾಳೆ ಸ್ಕ್ರೂ ಬಿಗಿದೆ. ಹಿತ್ತಾಳೆ ಮೃದು ಲೋಹ, ನೇರ ಬಿಗಿದರೆ ತಲೆ ತಿರುಚಿ ಮುರಿಯುತ್ತದೆ. ಅದೇ ಅಳತೆಯ ಸ್ಟೀಲ್ ಸ್ಕ್ರೂ ಒಮ್ಮೆ ಬಿಗಿದು ಬಿಚ್ಚಿ, ಮೇಣ ಸವರಿ ಹಿತ್ತಾಳೆ ಹಾಕಿದರೆ ಸರಾಗ. ಕಾಲು ಸೇರಿ ಎತ್ತರ ಹದಿನೇಳೂವರೆ. ಖಾಲಿ ಪೆಟ್ಟಿಗೆ 20 ಕೆಜಿಯ ಆಸುಪಾಸು, ಇಬ್ಬರು ಹಿಡಿದರೆ ಮಹಡಿಗೆ ಹೋಗುತ್ತದೆ.

ಮುಚ್ಚಳ ಮೂರು ಕ್ವಾರ್ಟರ್ ಸಾನ್ ಹಲಗೆಗಳದ್ದು, ಕೆಳಗೆ ಎರಡು ಅಡ್ಡಪಟ್ಟಿ. ಪಟ್ಟಿಗೆ ಅಂಟು ಹಾಕಲಿಲ್ಲ. ನಡುವಿನ ಸ್ಕ್ರೂಗೆ ದುಂಡು ತೂತು, ಎರಡು ಕಡೆಯ ಸ್ಕ್ರೂಗಳಿಗೆ ಉದ್ದನೆಯ ತೂತು. ಹಲಗೆ ಹಿಗ್ಗಿದರೆ ಸ್ಕ್ರೂ ತೂತಿನೊಳಗೆ ಸರಿಯುತ್ತದೆ, ಪಟ್ಟಿ ಬಾಗು ತಡೆಯುತ್ತದೆ. ಹಿಂದಿನ ಹಿಂಜುಗಳ ಕಡೆ ಮುಚ್ಚಳ ಅಲ್ಲಾಡದಂತೆ ಕಟ್ಟಿಹಾಕಿ, ಹಿಗ್ಗೆಲ್ಲ ಮುಂದಿನ ತುಟಿಯ ಕಡೆ ಹೋಗುವ ಹಾಗೆ ಮಾಡಬೇಕು. ಅಲ್ಲಿ ನಾಲ್ಕು ಮಿಲಿಮೀಟರ್ ಹೆಚ್ಚಾದರೆ ಯಾರಿಗೂ ಕಾಣುವುದಿಲ್ಲ.

ಪಾಲಿಶ್

ಹೊರಗೆ ಅರಗಿನ ಪಾಲಿಶ್, ಒಳಗೆ ಏನೂ ಇಲ್ಲ. ಒಳಗೆ ಎಣ್ಣೆಯನ್ನೋ ವಾರ್ನಿಷನ್ನೋ ಹಚ್ಚಿ ಮುಚ್ಚಳ ಹಾಕಿದರೆ ಆ ವಾಸನೆ ಸೀರೆಗೆ ಹಿಡಿಯುತ್ತದೆ. ಜೊತೆಗೆ ಸುಗಂಧದ ಸೀಡರ್‌ಗಳ ಆವಿ ಮುಚ್ಚಿದ ಜಾಗದಲ್ಲಿ ವಾರ್ನಿಷನ್ನು ಮೆದು ಮಾಡಿ ಅಂಟಂಟಾಗಿಸುತ್ತದೆ ಅನ್ನುವುದು ಜ್ಯೂನಿಪರ್ ಪೆಟ್ಟಿಗೆ ಮಾಡುವವರಿಗೆ ಗೊತ್ತಿರುವ ಸಂಗತಿ. ನೊಗೆಗೂ ಅದೇ ನಿಯಮ ಇಟ್ಟುಕೊಂಡೆ.

ಉಪ್ಪುಕಾಗದ 120, ಆಮೇಲೆ 180, ನಡುವೆ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಎದ್ದ ನಾರು ತೆಗೆದದ್ದು. ರಂಧ್ರ ತುಂಬಲು ಚಾಕ್ ಪೌಡರ್ ಮತ್ತು ಕಾವಿ, ಅರಗಿನ ನೀರಿನಲ್ಲಿ ಕಲಸಿ ನಾರಿಗೆ ಅಡ್ಡಲಾಗಿ ಉಜ್ಜಿದ್ದು. ಹಳೆಯ ಬಡಗಿಗಳ ಈ ಕ್ರಮಕ್ಕಿಂತ ಒಳ್ಳೆಯದು ಡಬ್ಬಿಯಲ್ಲಿ ಸಿಗುವುದಿಲ್ಲ, ಕಾವಿಯ ಕೆಂಪು ನೊಗೆಯ ಕೆಂಪಿನೊಂದಿಗೆ ಬೆರೆತುಹೋಗುತ್ತದೆ. ಲೀಟರ್ ಸ್ಪಿರಿಟ್ಟಿಗೆ 200 ಗ್ರಾಂ ಚಪಡಾ ಅರಗು, ರಾತ್ರಿಯಿಡೀ ಕರಗಿಸಿ ಸೋಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ. ಈ ಕೆಲಸವನ್ನು ಫೆಬ್ರವರಿಯಲ್ಲಿ ಮುಗಿಸಬೇಕು. ತೇವದ ಗಾಳಿಯಲ್ಲಿ ಅರಗು ಬಿಳಿಚಿಕೊಳ್ಳುತ್ತದೆ. ಬಣ್ಣ ಹಾಕುವ ಆಸೆ ಬೇಡ, ಬೆಳಕು ತಾಗಿದಂತೆ ಮರ ತಾನೇ ಇಟ್ಟಿಗೆ ಕೆಂಪಿನಿಂದ ಕಂದುಗೆಂಪಿಗೆ ತಿರುಗುತ್ತದೆ. ಆ ಸಮಯದಲ್ಲಿ ಪೆಟ್ಟಿಗೆಯ ಮೇಲೆ ಪುಸ್ತಕವನ್ನೋ ಹೂದಾನಿಯನ್ನೋ ಇಟ್ಟರೆ ಅದರ ಪಡಿಯಚ್ಚು ಉಳಿಯುತ್ತದೆ.

ಕಂಪು ಹುಳ ಓಡಿಸುತ್ತದೆಯೇ?

ನೋಡಿದವರೆಲ್ಲ ಕೇಳುವುದು ಇದನ್ನೇ. ಓಡಿಸುತ್ತದೆ ಅಂತ ಹೇಳಿದರೆ ಕೇಳುವವರಿಗೆ ಖುಷಿ, ಆದರೆ ನಾನು ಹಾಗೆ ಹೇಳಲಾರೆ. ಅತಿ ಘಾಟಿನ ಜ್ಯೂನಿಪರ್ ಎಣ್ಣೆಯೇ ಬಟ್ಟೆ ಪತಂಗದ ಎಳೆಯ ಮರಿಗಳಿಗೆ ಮಾತ್ರ ಮಾರಕ. ಮೊಟ್ಟೆಗೂ ಬೆಳೆದ ಮರಿಗೂ ಅಷ್ಟಾಗಿ ಏನೂ ಆಗುವುದಿಲ್ಲ, ವರ್ಷ ಕಳೆದಂತೆ ಎಣ್ಣೆ ಆರಿಹೋಗುತ್ತದೆ. ನೊಗೆಯ ಕಂಪು ಅದಕ್ಕಿಂತ ಎಷ್ಟೋ ಸೌಮ್ಯ. ಒಳಮೈಯನ್ನು ಉಪ್ಪುಕಾಗದದಿಂದ ಒಮ್ಮೆ ಉಜ್ಜಿದರೆ ಮರಳಿ ಬರುತ್ತದೆ, ಮನಸ್ಸಿಗೆ ಹಿತ, ಅಷ್ಟೇ.

ರೇಷ್ಮೆಗೆ ಮಲೆನಾಡಿನಲ್ಲಿ ದೊಡ್ಡ ಶತ್ರು ಬೂಷ್ಟು. ಇಲ್ಲಿ ನೊಗೆ ನಿಜವಾಗಿ ಉಪಕಾರಿ. ಪಾಲಿಶ್ ಇಲ್ಲದ ಒಳಮೈ ಗಾಳಿಯ ತೇವವನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಕಬ್ಬಿಣದ ಟ್ರಂಕು, ಪ್ಲಾಸ್ಟಿಕ್ ಡಬ್ಬಗಳಲ್ಲಿ ಇದಾಗುವುದಿಲ್ಲ, ಬೆವರಿದ ನೀರು ಬಟ್ಟೆಯ ಮೇಲೇ ಕೂರುತ್ತದೆ. ಆದರೂ ಮೂರು ತಿಂಗಳು ಎಡೆಬಿಡದ ಮಳೆಯಲ್ಲಿ ಮರವೂ ತುಂಬಿಕೊಳ್ಳುತ್ತದೆ. ಅದಕ್ಕೆ ಸಿಲಿಕಾ ಜೆಲ್ ಚೀಲ ಒಂದೆರಡು, ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಇಡುವುದು. ಬಿಸಿಲು ಬಂದ ದಿನ ಮುಚ್ಚಳ ತೆಗೆಯುವುದು.

ಇನ್ನೊಂದು ಮಾತು ಹೆಂಗಸರು ಹೇಳದೆಯೇ ಪಾಲಿಸುತ್ತಿದ್ದದ್ದು: ಸೀರೆಯನ್ನು ಬರಿಯ ಮರಕ್ಕೆ ತಾಗಿಸಿ ಇಡಬಾರದು. ಯಾವ ಮರವೇ ಆದರೂ ಅದರಿಂದ ಹೊರಡುವ ಆಮ್ಲದ ಅಂಶ ಬಟ್ಟೆಯ ಮೇಲೆ ಹಳದಿ ಕಲೆ ಮಾಡುತ್ತದೆ. ವಸ್ತ್ರ ಸಂರಕ್ಷಣೆಯವರೂ ಇದನ್ನೇ ಹೇಳುತ್ತಾರೆ. ತೊಳೆದು ಗಂಜಿ ತೆಗೆದ ಮಲಮಲ್ ಬಟ್ಟೆ ಒಳಗೆ ಹಾಸಿ, ಪ್ರತಿ ಸೀರೆಯನ್ನೂ ಬೇರೆ ಬೇರೆ ಸುತ್ತಿ ಇಟ್ಟಿದ್ದೇವೆ. ಗಂಜಿ ಉಳಿದರೆ ಬೆಳ್ಳಿಮೀನು ಹುಳ ಬರುತ್ತದೆ. ಮೈಸೂರು ಸಿಲ್ಕಿನ ಜರಿ ಮಡಿಕೆಯ ಗೆರೆಯಲ್ಲೇ ಮುರಿಯುವುದರಿಂದ ವರ್ಷಕ್ಕೊಮ್ಮೆ ಮಡಿಕೆ ಬದಲಿಸಬೇಕು, ಅದಕ್ಕೆ ಪೆಟ್ಟಿಗೆ ಯಾವ ಮರದ್ದಾದರೂ ಒಂದೇ.

ಮಳೆಗಾಲದ ನಂತರ

ಆಗಸ್ಟಿನ ಕೊನೆಯಲ್ಲಿ ಅಳೆದಾಗ ಮುಚ್ಚಳದ ಅಗಲ ಹೆಚ್ಚಿದ್ದು ನಾಲ್ಕರಿಂದ ಐದು ಮಿಲಿಮೀಟರ್, ಎಡತುದಿಗಿಂತ ಬಲತುದಿಯಲ್ಲಿ ತುಸು ಜಾಸ್ತಿ. ಮೂರರಲ್ಲಿ ಒಂದು ಹಲಗೆಯ ಉಂಗುರಗಳು ಆ ತುದಿಯಲ್ಲಿ ಓರೆಯಾಗಿವೆ, ಕಾರಣ ಅದೇ. ಬಾಗಿಲ್ಲ, ಬಿರುಕಿಲ್ಲ, ಡವ್‌ಟೇಲಿನ ಗೆರೆಗಳು ಬಿಟ್ಟಿಲ್ಲ. ಹೊರಗೆ ಬೆನ್ನಿನ ಕಡೆ, ಗೋಡೆಗೆ ಹತ್ತಿರವಿದ್ದಲ್ಲಿ ತೆಳು ಬೂಷ್ಟು ಕಂಡಿತು. ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದರೆ ಅರಗು ಕರಗುತ್ತದೆ, ಆದ್ದರಿಂದ ಒಣಬಟ್ಟೆಯಲ್ಲೇ ಒರೆಸಿ, ಗೋಡೆಯಿಂದ ಮೂರಿಂಚು ಮುಂದಕ್ಕೆ ಎಳೆದು ಇಟ್ಟೆ.

ಅಟ್ಟದಲ್ಲಿ ಇನ್ನೂ ಹಲಗೆಗಳಿವೆ. ಅವು ಪುಸ್ತಕದ ಕಪಾಟಿಗೆ. ಒಂದು ಎಚ್ಚರಿಕೆ ಈಗಲೇ ಗುರುತು ಹಾಕಿದ್ದೇನೆ: ಮುಕ್ಕಾಲಿಂಚಿನ ನೊಗೆ ಹಲಗೆ ಪುಸ್ತಕದ ಭಾರಕ್ಕೆ ಎರಡೂವರೆ ಅಡಿಗಿಂತ ಉದ್ದ ಬಂದರೆ ನಡುವೆ ಜೋಲುತ್ತದೆ. ಅಷ್ಟಕ್ಕಿಂತ ಉದ್ದ ಬೇಕಿದ್ದರೆ ಮುಂದಿನ ಅಂಚಿಗೆ ಒಂದೂವರೆ ಇಂಚಿನ ಹೊನ್ನೆ ಪಟ್ಟಿ ಅಂಟಿಸಬೇಕು. ಹೊನ್ನೆಗೆ ನೀರು ತಾಗಿದರೆ ಹಳದಿ ಬಣ್ಣ ಬಿಡುತ್ತದೆ, ಹಾಗಾಗಿ ಪಟ್ಟಿಗೆ ಮೊದಲೇ ಅರಗು ಹಚ್ಚಿ ಆಮೇಲೆ ಕೂಡಿಸುವುದು.